ಬೆರಳಲ್ಲಿ ಧಾರಣೆ ಹೊತ್ತ ದೇವೀರಪ್ಪ

ಬೇರೆ ಗಂಡಸರಿಗೆ ಸಿಟ್ಟು ಬಂದರೆ ಜಗುಲಿಯ ಮೇಲೆ ನಿಂತು ಕೂಗಾಡಿ, ಹೆಗಲ ಮೇಲಿನ ಟವೆಲು ಕೊಡವಿ, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತಣ್ಣಗಾಗುತ್ತಿದ್ದರು. ದೇವೀರಪ್ಪನ ಸಿಟ್ಟು ಕಾಲಿಗಿಳಿಯುತ್ತಿತ್ತು. ಸೈಕಲ್ ಹತ್ತಿ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆಯೋ ಆ ದಿಕ್ಕಿಗೇ ಹ್ಯಾಂಡಲು ತಿರುಗಿಸಿ, ತೊಡೆ ಸೋಲುವ ತನಕ ತುಳಿದು ಮನೆಗೆ ಬರುತ್ತಿದ್ದ. ಅಂಗಿಯ ಬೆನ್ನು ನೋಡಿಯೇ ಹೆಂಡತಿ ಮಾದಮ್ಮ ಈವತ್ತಿನದು ಸಣ್ಣ ಸಿಟ್ಟೋ ದೊಡ್ಡದೋ ಎಂದು ಅಳೆಯುತ್ತಿದ್ದಳು. ಎರಡನೆಯ ಮಹಾಯುದ್ಧದ ನಡುಗಾಲದಲ್ಲಿ, ಜಪಾನಿನವರು ರಂಗೂನು ಹಿಡಿದ ವರ್ಷ, ಅವನ ಮೈಗೆ ಹತ್ತಿದ ಸಿಟ್ಟು ಮಾತ್ರ ಯಾವ ಗಾಳಿಗೆ ಎದೆಗೊಟ್ಟು ತುಳಿದರೂ ಇಳಿಯಲಿಲ್ಲ.

ಅವನು ಹುಟ್ಟಿದ್ದು ಕಣಕಟ್ಟೆಯಲ್ಲಿ. ಮೀಸೆ ಚಿಗುರುವ ವಯಸ್ಸಿಗೆ ಅಪ್ಪನ ಮೇಲೆ ಮುನಿಸಿಕೊಂಡು ಬೆಂಗಳೂರಿಗೆ ಓಡಿ, ಕುದುರೆ ಪಡೆಯಲ್ಲಿ ಹುಲ್ಲು ಹಾಕುವ ಕೆಲಸಕ್ಕೆ ಸೇರಿಕೊಂಡ. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಕುದುರೆಗಳ ಜೊತೆ ಅವನನ್ನೂ ಹಡಗಿಗೆ ಹತ್ತಿಸಿದರು. ಈಜಿಪ್ಟಿನ ಮರಳು ದಾಟಿ ಪ್ಯಾಲೆಸ್ಟೈನಿನ ಕರಾವಳಿ ಸೇರಿದಾಗ, ಶಿಬಿರದಲ್ಲಿ ಓಲೆ ಮುಟ್ಟಿಸುವ ಆಳು ಜ್ವರ ಬಂದು ಮಲಗಿದ. ಅವನ ಸೈಕಲ್ಲು ಇವನ ಪಾಲಿಗೆ ಬಂತು. ಎರಡು ದಿನ ಬಿದ್ದ, ಮಂಡಿ ತರಚಿಕೊಂಡ, ಮೂರನೆಯ ದಿನ ಓಡಿಸಿಕೊಂಡು ಹೋದ.

ಆ ರಸ್ತೆಗಳನ್ನು ಅವನು ಮರೆಯಲಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಲ್ಲುಗುಡ್ಡ, ನಡುವೆ ಸುಣ್ಣದಂತೆ ಬಿಳಿಯಾದ ಮಣ್ಣಿನ ದಾರಿ. ಗುಡ್ಡದ ಇಳಿಜಾರಿನಲ್ಲಿ ಬೂದಿ ಬಣ್ಣದ ಎಲೆಯ ಆಲಿವ್ ಮರಗಳು. ನೀರಿನ ಅಂಚಿನ ಊರುಗಳಲ್ಲಿ ಮೀನಿನ ಬಲೆ ಒಣಗುತ್ತಿತ್ತು, ಮನೆಗಳ ಚಪ್ಪಟೆ ಮಾಳಿಗೆಯ ಮೇಲೆ ಅಂಜೂರದ ಹಣ್ಣು ಒಣಗುತ್ತಿತ್ತು. ಅಲೆ ಹಿಂದಕ್ಕೆ ಸರಿದಾಗ ಒದ್ದೆ ಮರಳು ನಮ್ಮ ಕಡೆಯ ಸಗಣಿ ಸಾರಿಸಿದ ಕಣದ ಹಾಗೆ ಗಟ್ಟಿಯಾಗಿರುತ್ತಿತ್ತು. ಅದರ ಮೇಲೆ ಸೈಕಲ್ ಬಿಟ್ಟರೆ ಸದ್ದೇ ಇಲ್ಲದೆ ಹಾರಿಕೊಂಡು ಹೋದ ಹಾಗಾಗುತ್ತಿತ್ತು. ಅಲ್ಲಿಯ ಒಂದು ಸಣ್ಣ ಊರಿನಲ್ಲಿ ಒಬ್ಬಳು ಮುದುಕಿ ಅವನನ್ನು ಕಂಡಾಗಲೆಲ್ಲ ಕೈ ಸನ್ನೆ ಮಾಡಿ ನಿಲ್ಲಿಸಿ, ಹೂಜಿಯ ನೀರು, ಒಂದು ಹಿಡಿ ಅಂಜೂರ ಕೊಡುತ್ತಿದ್ದಳು. ಒಂದು ದಿನ ಅವಳ ಊರಿನ ಬಾರ್ಲಿಯನ್ನೆಲ್ಲ ಕುದುರೆಗಳಿಗೆ ಎತ್ತಿಕೊಂಡು ಬರಬೇಕೆಂಬ ಹುಕುಂ ಇವನ ಜೇಬಿನಲ್ಲೇ ಇತ್ತು. ಇವನು ಅಂಜೂರ ತಿಂದು, ನೀರು ಕುಡಿದು, ಕೈ ಮುಗಿದು ಮುಂದಕ್ಕೆ ಹೋದ. ಮತ್ತೆ ಆ ಕಡೆ ಹೋದಾಗ ಮುದುಕಿ ಬಾಗಿಲಲ್ಲಿಯೇ ಇದ್ದಳು, ಕೈ ಎತ್ತಲಿಲ್ಲ. ಓಲೆ ಹೊತ್ತವನಿಗೆ ಬಾಯಿ ಇರಬಾರದೆಂದು ಶಿಬಿರದಲ್ಲಿ ಕಲಿಸಿದ್ದರು. ಆ ಪಾಠವನ್ನು ಒಳ್ಳೆಯ ಗುಣವೆಂದೇ ನಂಬಿ ಅವನು ಊರಿಗೆ ಹೊತ್ತು ತಂದ.

ಊರಿಗೆ ಬಂದವನಿಗೆ ಅರಸೀಕೆರೆಯಲ್ಲಿ ಕೆಲಸ ಕೊಟ್ಟವನು ಕೊಬ್ಬರಿ ಮಂಡಿಯ ಷಡಕ್ಷರಪ್ಪ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು, ಏರಿದ ದನಿ ಎಂದರೇನೆಂದೇ ಗೊತ್ತಿಲ್ಲದ ಮನುಷ್ಯ. ರೈಲು ಕೂಡುವ ಊರಾದ್ದರಿಂದ ಅರಸೀಕೆರೆಯ ಕೊಬ್ಬರಿ ಉತ್ತರ ದೇಶಕ್ಕೆಲ್ಲ ಹೋಗುತ್ತಿತ್ತು, ಅಲ್ಲಿಯ ಧಾರಣೆ ತಂತಿಯಲ್ಲಿ ಬರುತ್ತಿತ್ತು. ತಂತಿ ಮೊದಲು ಮಂಡಿಗೆ ಬರುವುದು. ಹಳ್ಳಿಯವರಿಗೆ ಗೊತ್ತಾಗುವುದು ಸಂತೆಗೆ ಹೋದ ಗಾಡಿಗಳು ತಿರುಗಿ ಬಂದ ಮೇಲೆ. ಈ ನಡುವಿನ ಎರಡು ಮೂರು ದಿನಗಳೇ ಷಡಕ್ಷರಪ್ಪನ ಫಸಲು. ಬೆಲೆ ಏರಿದೆಯೆಂದು ತಂತಿ ಬಂದ ಗಳಿಗೆಯಲ್ಲೇ ಸುದ್ದಿ ಹಳೇಬೀಡಿನಲ್ಲಿದ್ದ ಅವನ ದಲ್ಲಾಳಿ ಧರ್ಮಪ್ಪನಿಗೆ ಮುಟ್ಟಬೇಕು. ಧರ್ಮಪ್ಪ ಗಾಡಿ ಹೂಡಿಕೊಂಡು ಸುತ್ತಿನ ಹಳ್ಳಿಗಳಿಗೆ ಹೋಗಿ ಹಳೆಯ ಧಾರಣೆಯಲ್ಲಿ ಕೊಬ್ಬರಿ ಬಾಚಿಕೊಳ್ಳಬೇಕು. ಅದಕ್ಕೆ ಷಡಕ್ಷರಪ್ಪ ಒಂದು ಸೈಕಲ್ ಕೊಂಡು ತಂದು ದೇವೀರಪ್ಪನ ಕೈಗೆ ಕೊಟ್ಟ.

ಧಾರಣೆಯನ್ನು ಕಾಗದದಲ್ಲಿ ಬರೆಯುವಂತಿಲ್ಲ, ಬಾಯಲ್ಲಿ ಹೇಳುವಂತಿಲ್ಲ. ದನದ ಜಾತ್ರೆಯಲ್ಲಿ ನಡೆಯುವಂತೆ ಮಂಡಿಯಲ್ಲೂ ಮಾತುಕತೆಯೆಲ್ಲ ವಸ್ತ್ರದ ಕೆಳಗೆ. ಕೈ ಮೇಲೆ ಟವೆಲು ಮುಚ್ಚಿಕೊಂಡು ಒಬ್ಬರ ಬೆರಳು ಒಬ್ಬರು ಹಿಡಿಯುವುದು. ಒಂದು ಬೆರಳು ಹಿಡಿದರೆ ಮಣಕ್ಕೆ ಒಂದು ರೂಪಾಯಿ, ಹಸ್ತ ಪೂರಾ ಅದುಮಿದರೆ ಐದು. ಷಡಕ್ಷರಪ್ಪ ಅರಸೀಕೆರೆಯಲ್ಲಿ ಹಿಡಿದ ಬೆರಳನ್ನೇ ದೇವೀರಪ್ಪ ಹಳೇಬೀಡಿನಲ್ಲಿ ಧರ್ಮಪ್ಪನಿಗೆ ಹಿಡಿಯುತ್ತಿದ್ದ. ಹೊರಡುವ ಮುಂಚೆ ಮಂಡಿಯ ತಕ್ಕಡಿ ಮುಟ್ಟಿ, ನಡುವೆ ಯಾರಿಗೂ ಬಿಡುವುದಿಲ್ಲವೆಂದು ಮಾತು ಕೊಡುತ್ತಿದ್ದ. ಕೊಟ್ಟ ಮಾತಿಗೆ ಒಮ್ಮೆಯೂ ತಪ್ಪಿರಲಿಲ್ಲ. ದಾರಿಯ ಹಳ್ಳಿಗಳವರು ತೋಟದ ಬೇಲಿಯ ಮೇಲಿಂದ ಕತ್ತು ಚಾಚಿ, ಏನ್ಲಾ ದೇವೀರ, ಬೆರಳಲ್ಲಿ ಏನ್ ಹೊತ್ಕಂಡ್ ಹೋಯ್ತಿದ್ದೀಯ ಎಂದು ಚುಡಾಯಿಸುತ್ತಿದ್ದರು. ಉಂಗುರ ಎನ್ನುತ್ತಿದ್ದ ಇವನು. ಅವರೂ ನಗುತ್ತಿದ್ದರು, ಇವನೂ ನಗುತ್ತಿದ್ದ.

ಬಾಣಾವರ, ಜಾವಗಲ್ಲು ದಾಟಿ ಹಳೇಬೀಡು, ಕೆಲವು ಸಲ ಅಲ್ಲಿಂದ ಬೇಲೂರು. ಆ ದಾರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎತ್ತಿನ ಗಾಡಿಯ ಚಕ್ರ ಕೊರೆದ ಕಾಲುವೆಗಳ ನಡುವಿನ ಒಂದು ಗೇಣು ಗಟ್ಟಿ ನೆಲವನ್ನು ಹಿಡಿದು, ಜಾಲಿ ಮುಳ್ಳು ಚೆಲ್ಲಿದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿ, ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಿದ್ದ. ಜಾವಗಲ್ಲಿನ ಆಚೆ ತೆಂಗಿನ ತೋಟದ ನೆರಳು, ರಾಗಿ ಹೊಲದ ಹಸುರು ವಾಸನೆ, ಹಳೇಬೀಡಿನ ಕೆರೆಯ ಏರಿಯ ಮೇಲಿನ ತಂಪು ಗಾಳಿ. ಅಂಗಿ ಉಬ್ಬಿಸಿಕೊಂಡು ಏರಿಯ ಮೇಲೆ ಹೋಗುವಾಗ ಅವನಿಗೆ ಆ ಸಮುದ್ರದ ದಂಡೆ ನೆನಪಾಗುತ್ತಿತ್ತು. ತಾನು ದೊಡ್ಡ ಕೆಲಸ ಮಾಡುತ್ತಿದ್ದೇನೆಂದು ಎದೆ ಸೆಟೆದುಕೊಳ್ಳುತ್ತಿತ್ತು.

ಜಾವಗಲ್ಲು ದಾಟಿದ ಮೇಲೆ ರಸ್ತೆಯ ಅಂಚಿಗೇ ಇರುವ ಮರಡಿಕೊಪ್ಪಲು ಅವನ ಅಕ್ಕ ಶಿವಗಂಗಮ್ಮನನ್ನು ಕೊಟ್ಟ ಊರು. ಗಂಡ ಏಕಾಂತಯ್ಯ ಮಠದ ಕೆಲಸ, ಪುರಾಣ, ಹರಟೆ ಎಂದು ಊರೂರು ತಿರುಗುವವನು. ತೋಟವೆಲ್ಲ ಅವಳದೇ. ಕಾಯಿ ಕೀಳಿಸುವುದು, ಅಟ್ಟಕ್ಕೆ ಹಾಕುವುದು, ಒಲೆಯ ಹೊಗೆಯಲ್ಲಿ ವರ್ಷವೊಪ್ಪತ್ತು ಕಾಯಿಸಿ, ಒಳಗಿನ ನೀರು ಬತ್ತಿ ಗಿಟಕು, ಇಡೀ ಕೊಬ್ಬರಿಯುಂಡೆ, ಚಿಪ್ಪಿನೊಳಗೆ ಗಡಗಡ ಅಲ್ಲಾಡುವ ಹೊತ್ತಿಗೆ ಇಳಿಸಿ ಸುಲಿಸುವುದು, ಎಲ್ಲಕ್ಕೂ ಅವಳೇ. ಅವ್ವ ಸತ್ತಾಗ ದೇವೀರಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು ಇವಳು. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವಳ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ನಿಂತ ಕಾಲಲ್ಲೇ ಒಂದು ಚೊಂಬು ಮಜ್ಜಿಗೆ ಕುಡಿದು ಹೋಗುವುದು ಅವನ ರೂಢಿ.

ಆ ವರ್ಷ ಮಲೆಯಾ, ಸಿಂಗಪುರ ಎಲ್ಲ ಜಪಾನಿನವರ ಕೈಗೆ ಹೋಗಿ, ಹಡಗಿನಲ್ಲಿ ಬರುತ್ತಿದ್ದ ಕೊಬ್ಬರಿ ನಿಂತುಹೋಯಿತು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ತಂತಿ ಬಂತು. ವಸ್ತ್ರದ ಕೆಳಗೆ ಷಡಕ್ಷರಪ್ಪ ಹಿಡಿದ ಬೆರಳುಗಳನ್ನು ನಂಬಲಾರದೆ ದೇವೀರಪ್ಪ ಅವನ ಮುಖ ನೋಡಿದ. ಷಡಕ್ಷರಪ್ಪ ಇನ್ನೊಮ್ಮೆ ಹಿಡಿದ. ಒಂದೇ ಏಟಿಗೆ ಧಾರಣೆ ಅಷ್ಟು ಎತ್ತರಕ್ಕೆ ಹಾರಿದ್ದನ್ನು ಅರಸೀಕೆರೆಯ ಯಾವ ಮಂಡಿಯೂ ಕಂಡಿರಲಿಲ್ಲ. ದೇವೀರಪ್ಪ ತಕ್ಕಡಿ ಮುಟ್ಟಿ ಹೊರಟ.

ಮಜ್ಜಿಗೆ ಕೊಡುವಾಗ ಶಿವಗಂಗಮ್ಮ ಆವತ್ತು ಯಾವತ್ತೂ ಕೇಳದ ಮಾತು ಕೇಳಿದಳು. ಬಾವಿಯ ಮಣ್ಣು ಮಳೆಗಾಲಕ್ಕೊಮ್ಮೆ ಕುಸಿಯುತ್ತಿದೆ, ಸುತ್ತ ಕಲ್ಲು ಕಟ್ಟಿಸಬೇಕು, ಧರ್ಮಪ್ಪ ಹೇಳಿಕಳಿಸಿದ್ದಾನೆ, ಅಟ್ಟದ ಕೊಬ್ಬರಿ ಈಗ ಕೊಡಲೋ ತಡೆಯಲೋ ಎಂದು. ದೇವೀರಪ್ಪ ಚೊಂಬಿನಿಂದ ಬಾಯಿ ತೆಗೆಯಲಿಲ್ಲ. ಮಜ್ಜಿಗೆ ಮುಗಿದ ಮೇಲೂ ಖಾಲಿ ಚೊಂಬನ್ನು ಬಾಯಿಗೆ ಹಿಡಿದುಕೊಂಡೇ ಇದ್ದ.

"ನಿಂಗೆ ತೋಚ್ದಂಗೆ ಮಾಡಕ್ಕ," ಎಂದು ಹೇಳಿ ಸೈಕಲ್ ಹತ್ತಿದ.

ಅವಳು ಆ ಮಾತನ್ನು ಕೊಡು ಎಂದೇ ತಿಳಿದಳು. ಕೊಡಬಾರದು ಎನ್ನುವಂಥದ್ದಿದ್ದರೆ ತಮ್ಮ ಬಾಯಿಬಿಟ್ಟು ಹೇಳುತ್ತಿರಲಿಲ್ಲವೇ? ಅವತ್ತೇ ಮಧ್ಯಾಹ್ನ ಧರ್ಮಪ್ಪನ ಗಾಡಿ ಬಂತು. ಅಟ್ಟ ಬರಿದಾಯಿತು.

ಸಂತೆಗೆ ಹೋಗಿದ್ದ ಗಾಡಿಗಳು ನಿಜವಾದ ಧಾರಣೆಯ ಸುದ್ದಿ ಹೊತ್ತು ತಿರುಗಿ ಬಂದಾಗ ಮರಡಿಕೊಪ್ಪಲಿನಲ್ಲಿ ಸಾವಾದ ಮನೆಯ ಮುಂದೆ ಸೇರಿದಂತೆ ಜನ ಗುಂಪುಗಟ್ಟಿದರು. ಶಿವಗಂಗಮ್ಮ ಅಳಲಿಲ್ಲ. ಕಲ್ಲು ಕಟ್ಟುವವರನ್ನು ಕರೆಸಿ, ಕೈಯಲ್ಲಿದ್ದುದಕ್ಕೆ ಎಷ್ಟಾಗುತ್ತದೋ ಅಷ್ಟು ಕಟ್ಟಿ ಎಂದಳು. ಬಾವಿಯ ಒಂದು ಮಗ್ಗುಲು ಕಲ್ಲು, ಇನ್ನೊಂದು ಮಗ್ಗುಲು ಹಸಿ ಮಣ್ಣು ಹಾಗೆಯೇ ನಿಂತಿತು. ನೀರು ಸೇದಲು ಬಂದವರೆಲ್ಲ ಅದನ್ನು ನೋಡಿಕೊಂಡು ಹೋದರು. ಯಾರೂ ದೇವೀರಪ್ಪನ ಹೆಸರೆತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ.

ಗೌರಿ ಹಬ್ಬಕ್ಕೆ ಮಾದಮ್ಮ ಮೊರ ತೊಳೆದು, ಅರಿಸಿನ ಕುಂಕುಮ ಬಳೆ, ಅಕ್ಕಿ ಬೇಳೆ ಬೆಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ ಬಾಗಿನ ಕಟ್ಟಿಕೊಟ್ಟಳು. ತವರಿನಿಂದ ಹೆಣ್ಣುಮಗಳಿಗೆ ಆ ಹಬ್ಬದ ಬಾಗಿನ ತಪ್ಪಬಾರದು. ಅಪ್ಪ ಇಲ್ಲದ ಮೇಲೆ ತವರೆಂದರೆ ದೇವೀರಪ್ಪನೇ. ಬಾಗಿನವನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರಿಗೆ ಬಿಗಿದು, ಅಲ್ಲಾಡದಂತೆ ಮೆಲ್ಲಗೆ ತುಳಿದುಕೊಂಡು ಹೋದ. ಅಕ್ಕನ ಬಾಯಿಂದ ನಾಲ್ಕು ಬೈಗುಳ ಕೇಳಬೇಕಾದೀತು ಎಂದುಕೊಂಡಿದ್ದ. ಬೈದು ಒಳಗೆ ಕರೆಯುತ್ತಾಳೆ ಎಂದುಕೊಂಡಿದ್ದ.

ಅವಳು ಹೊಸಿಲು ದಾಟಿ ಬಂದು, ಅವನು ಜಗುಲಿಯ ಮೇಲಿಟ್ಟ ಮೊರ ಎತ್ತಿ, ಕ್ಯಾರಿಯರಿನ ಮೇಲೆ ತಿರುಗಿ ಇಟ್ಟಳು. ಹಗ್ಗವನ್ನೂ ತಾನೇ ಬಿಗಿದಳು.

"ಹಬ್ಬದ ದಿವ್ಸ ತವ್ರಿಂದ ಬಂದಿದ್ದ ಹಿಂದಕ್ ಕಳಿಸ್ಬ್ಯಾಡ ಅಕ್ಕ," ಎಂದ ದೇವೀರಪ್ಪ.

"ತವ್ರಿಂದ ಬಂದಿದ್ರೆ ಇಸ್ಕಳ್ತಿದ್ದೆ. ಇದು ಮಂಡಿಯಿಂದ ಬಂದೈತೆ."

"ತಕ್ಕಡಿ ಮುಟ್ಟಿ ಮಾತು ಕೊಟ್ಟಿದ್ದೆ ಕಣಕ್ಕ. ಕೊಟ್ಟ್ ಮಾತು ಹೆಂಗ್ ಮುರೀಲಿ?"

"ನಾನ್ ಧಾರಣೆ ಕೇಳಿದ್ನಾ? ಕೊಡ್ಲಾ ಬ್ಯಾಡ್ವಾ ಅಂತ ಕೇಳ್ದೆ. ತಲೆ ಅಲ್ಲಾಡಿಸಿದ್ರೆ ಸಾಕಾಗಿತ್ತು. ತಕ್ಕಡಿ ಮುಟ್ಟಿದ್ ಕೈಲೇ ನನ್ನ ಚೊಂಬು ಹಿಡ್ದಿದ್ದೆ ನೀನು." ಅವಳ ದನಿ ಏರಲಿಲ್ಲ. "ಇನ್ ಮ್ಯಾಲೆ ಈ ಬಾಗ್ಲಲ್ಲಿ ಸೈಕಲ್ ನಿಲ್ಲಿಸ್ಬ್ಯಾಡ."

ಬಾಗಿಲು ಮುಚ್ಚಿತು. ಎದುರು ಮನೆಯ ರುದ್ರಮ್ಮ ರಂಗೋಲಿಯ ಬಟ್ಟಲು ಹಿಡಿದುಕೊಂಡು ಕಣ್ಣು ಬಿಟ್ಟು ನೋಡುತ್ತಿದ್ದಳು. ಮುಚ್ಚಿದ ಬಾಗಿನವನ್ನು ಹಬ್ಬದ ದಿನ ಹಿಂದಕ್ಕೆ ಹೊತ್ತು ತರುವ ಅಣ್ಣತಮ್ಮಂದಿರು ಆ ಸೀಮೆಯಲ್ಲಿ ಇರಲಿಲ್ಲ. ಜಾವಗಲ್ಲಿನ ಬೀದಿಯಲ್ಲಿ, ಬಾಣಾವರದ ಬೀದಿಯಲ್ಲಿ, ಹೊಸ ಬಳೆ ತೊಟ್ಟ ಹೆಂಗಸರು ಆ ಮೊರ ಕಂಡು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟಿದರು. ದೇವೀರಪ್ಪನ ಮೈಯೆಲ್ಲ ಉರಿದುಹೋಯಿತು. ಮೊದಲು ಅಕ್ಕನ ಮೇಲೆ ಉರಿದ. ಎಂಥ ಕಲ್ಲೆದೆ, ಎತ್ತಿ ಆಡಿಸಿದ ತಮ್ಮನೆಂಬ ಕರುಳೂ ಇಲ್ಲವೇ ಎಂದು ಪೆಡಲು ಪೆಡಲಿಗೆ ಅವಳನ್ನು ಬೈದ. ಬೈಯುತ್ತ ಬೈಯುತ್ತ ಆ ಸಮುದ್ರದ ಊರಿನ ಮುದುಕಿಯ ಎತ್ತದೆ ಹೋದ ಕೈ ಕಣ್ಣ ಮುಂದೆ ಬಂದು ನಿಂತಿತು. ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದನ್ನೂ ಮರೆತ. ಇಷ್ಟು ವರ್ಷ ಅಂಗಿ ಉಬ್ಬಿಸಿಕೊಂಡು ಈ ದಾರಿಯಲ್ಲಿ ಹಾರಿದ್ದು ಏತಕ್ಕೆ? ಬೇಲಿಯ ಮೇಲಿಂದ ಕತ್ತು ಚಾಚಿ ನಗುತ್ತಿದ್ದವರ ಅಟ್ಟ ಬರಿದು ಮಾಡುವುದಕ್ಕೆ. ತಾನು ಎಷ್ಟು ಜೋರಾಗಿ ತುಳಿದಿದ್ದನೋ ಅಷ್ಟು ಚೆನ್ನಾಗಿ ಅವರು ಸುಲಿಸಿಕೊಂಡಿದ್ದರು.

ಮಾರನೆಯ ದಿನ ಮಂಡಿ ತೆರೆಯುವ ಹೊತ್ತಿಗೆ ಷಡಕ್ಷರಪ್ಪನ ಎದುರು ನಿಂತ. ಕುಳಿತುಕೋ ಎಂದರೆ ಕುಳಿತುಕೊಳ್ಳಲಿಲ್ಲ. ಅಕ್ಕನ ಕೊಬ್ಬರಿಗೆ ಆ ದಿನದ ನಿಜವಾದ ಧಾರಣೆಯನ್ನು ಕಟ್ಟಿಕೊಡಬೇಕೆಂದು ಕೇಳಿದ. ಷಡಕ್ಷರಪ್ಪ ಸಿಟ್ಟಾಗಲಿಲ್ಲ. ಪಕ್ಕದಲ್ಲಿದ್ದ ಗಿಟಕೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೆಳಗಿಟ್ಟ.

"ನಿಮ್ಮಕ್ಕಂದು ಅಂತ ನಂಗೆ ಗೊತ್ತಿರ್ಲಿಲ್ಲ ಕಣಪ್ಪ. ಗೊತ್ತಿದ್ರೂ ಅದೇ ಧಾರಣೆ. ಯಾರಾದ್ರೂ ಒಬ್ಬರ ಅಕ್ಕಂದೇ ಅಲ್ವೇ ಎಲ್ಲಾ ಕೊಬ್ಬರೀನೂ? ಇಷ್ಟ್ ವರ್ಷ ನೀನ್ ಹೊತ್ಕಂಡ್ ಹೋದಾಗ ಯಾರಕ್ಕಂದು ಅಂತ ಕೇಳಿದ್ಯಾ?"

ಮಂಡಿಯಲ್ಲಿ ಕುಳಿತವರು ನಕ್ಕರು. ಗುಮಾಸ್ತನಂತೂ ಕೆಮ್ಮು ಬರುವ ತನಕ ನಕ್ಕ. ದೇವೀರಪ್ಪ ಮಂಡಿಯ ಮೆಟ್ಟಿಲಿಳಿದು ಬಂದ. ಆ ಮಾತು ಸುಳ್ಳಾಗಿದ್ದರೆ ಅವನು ಅಲ್ಲಿಯೇ ಕೈ ಮಾಡುತ್ತಿದ್ದ. ಸತ್ಯವಾಗಿತ್ತು, ಅದಕ್ಕೇ ಒಳಗೆ ಮುಳ್ಳು ಮುರಿದ ಹಾಗೆ ಕುಳಿತುಕೊಂಡಿತು. ಆ ದಿನ ಅವನು ಎದುರುಗಾಳಿಗೆ ತುಳಿದು ಚಿಕ್ಕಮಗಳೂರಿನ ಬೆಟ್ಟ ಎದ್ದು ಕಾಣುವ ತನಕ ಹೋಗಿ ಬಂದರೂ ಉರಿ ಹಾಗೆಯೇ ಇತ್ತು. ಕೆಲಸ ಬಿಡುತ್ತಾನೆಂದುಕೊಂಡಿದ್ದಳು ಮಾದಮ್ಮ. ಅವನು ಬಿಡಲಿಲ್ಲ. ದಿನವೂ ಮಂಡಿಗೆ ಹೋಗಿ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು, ತಂತಿಯವನು ಬರುವ ದಾರಿ ನೋಡುತ್ತ ಕಂಬಕ್ಕೊರಗಿ ಕುಳಿತ. ಬುದ್ಧಿ ಬಂತು ಎಂದುಕೊಂಡ ಷಡಕ್ಷರಪ್ಪ.

ದಸರೆ ಕಳೆದ ಮೇಲೆ ಒಂದು ಸಂತೆಯ ದಿನ ತಂತಿ ಬಂತು. ಮಂಡಿಯ ಮುಂದೆ ಸಾಲಾಗಿ ಗಾಡಿಗಳು ನಿಂತಿದ್ದವು. ಹಳ್ಳಿಯ ಬೆಳೆಗಾರರು ಗಾಡಿಯ ಮೂಕಿಮರದ ಮೇಲೆ ಕುಳಿತು ಬೀಡಿ ಸೇದುತ್ತ ತೂಕಕ್ಕೆ ಕಾಯುತ್ತಿದ್ದರು. ಷಡಕ್ಷರಪ್ಪ ತಂತಿ ಓದಿ, ಕಣ್ಣಲ್ಲೇ ದೇವೀರಪ್ಪನನ್ನು ಕರೆದು, ಕೈ ಚಾಚಿ ಮೇಲೆ ಟವೆಲು ಎಳೆದುಕೊಂಡ. ಹಸ್ತ ಪೂರಾ ಒಮ್ಮೆ ಅದುಮಿದ. ಆಮೇಲೆ ಮೂರು ಬೆರಳು ಹಿಡಿದ. ಎಂಟು, ಧಾರಣೆ ಮತ್ತೆ ಏರಿತ್ತು. ಅವನು ಬೆರಳು ಬಿಡುವ ಮುಂಚೆ ದೇವೀರಪ್ಪ ಎಡಗೈಯಿಂದ ಟವೆಲನ್ನು ಎಳೆದು ನೆಲಕ್ಕೆ ಹಾಕಿದ.

ಆ ಮಂಡಿಯಲ್ಲಿ ಯಾರೂ ಯಾರ ವಸ್ತ್ರವನ್ನೂ ಹೀಗೆ ಎಳೆದದ್ದಿಲ್ಲ. ಹೊಡೆದಾಟವಾದಾಗಲೂ ಆ ಮರ್ಯಾದೆ ಉಳಿದಿತ್ತು. ಧಣಿಯ ಬೆರಳುಗಳು ಆಳಿನ ಬೆರಳುಗಳನ್ನು ಹಿಡಿದುಕೊಂಡದ್ದು ಬಿಸಿಲಿನಲ್ಲಿ ಎಲ್ಲರಿಗೂ ಕಂಡಿತು. ಷಡಕ್ಷರಪ್ಪ ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆ ಎಳೆದುಕೊಂಡ. ದೇವೀರಪ್ಪ ಗಾಡಿಗಳ ಕಡೆ ತಿರುಗಿ ಕೈ ಎತ್ತಿ, ಹಸ್ತ ಪೂರಾ ಬಿಚ್ಚಿ ತೋರಿಸಿ, ಮತ್ತೆ ಮೂರು ಬೆರಳು ತೋರಿಸಿದ. ದನದ ಜಾತ್ರೆ ಕಂಡ ಯಾವ ರೈತನಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂದಿನ ಗಾಡಿಯವನು ಬೀಡಿ ಎಸೆದು, ಆಗಲೇ ತಕ್ಕಡಿಗೆ ಹಾಕಿದ್ದ ಚೀಲವನ್ನು ಎತ್ತಿ ಗಾಡಿಗೆ ಹಾಕಿಕೊಂಡ.

"ಆ ಸೈಕಲ್ ನಂದು ಕಣೋ ದೇವೀರ," ಎಂದ ಷಡಕ್ಷರಪ್ಪ. ದನಿ ಆಗಲೂ ಮೆತ್ತಗೇ ಇತ್ತು.

"ಹೌದು. ಸಂಜೆಯೊಳ್ಗೆ ಧರ್ಮಪ್ಪನ ಬಾಗ್ಲಲ್ಲಿ ಇರ್ತೈತೆ."

ಷಡಕ್ಷರಪ್ಪ ಅವನ ಬೆನ್ನು ಹಿಡಿಯಲು ಯಾರನ್ನೂ ಅಟ್ಟಲಿಲ್ಲ. ಗುಮಾಸ್ತನನ್ನು ಕರೆದು ಕಿವಿಯಲ್ಲಿ ಒಂದು ಮಾತು ಹೇಳಿ ಬಸ್ಸಿನ ಕಡೆ ಓಡಿಸಿದ. ಹಳ್ಳಿಗಳಿಗೆ ಸುದ್ದಿ ಮುಟ್ಟುವ ಮುಂಚೆ ಧರ್ಮಪ್ಪನಿಗೆ ಮುಟ್ಟಿದರೆ ಅರ್ಧ ಕೆಲಸವಾದರೂ ಆಗುತ್ತಿತ್ತು.

ದೇವೀರಪ್ಪ ಅಷ್ಟರಲ್ಲಿ ರೈಲ್ವೆ ಗೇಟು ದಾಟಿದ್ದ. ಕೂಗಿಕೊಂಡು ಹೋಗುವುದು ಆಗದ ಮಾತು. ಆ ವೇಗದಲ್ಲಿ ತುಳಿಯುವವನಿಗೆ ಉಸಿರೇ ಸಾಲದು. ಊರು ಸಿಕ್ಕಿದ ಕಡೆ ಗಂಟೆ ಬಾರಿಸಿ, ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು, ಇನ್ನೊಂದು ಕೈಯನ್ನು ತಲೆಯ ಮೇಲಕ್ಕೆತ್ತಿ ಬೆರಳು ತೋರಿಸುತ್ತ ಹೋದ. ಜಗುಲಿಯ ಮೇಲಿದ್ದವರು ಎದ್ದು ನಿಂತರು. ಕಣದಲ್ಲಿದ್ದವರು ಮೊರ ಕೆಳಗಿಟ್ಟರು. ಮಂಡಿಯ ಸೈಕಲ್ಲಿನವನು ಹುಚ್ಚನಂತೆ ಕೈ ಎತ್ತಿ ತೋರಿಸಿಕೊಂಡು ಹೋದದ್ದನ್ನು ಅರ್ಥ ಮಾಡಿಕೊಳ್ಳಲು ಅವರಿಗೆ ಕ್ಷಣ ಹಿಡಿಯಿತು. ಆಮೇಲೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಂಗಸರು ಓಡಿದರು.

ಬಾಣಾವರದ ಆಚೆಯ ಸಮ ನೆಲದಲ್ಲಿ ಬಸ್ಸು ಅವನನ್ನು ಹಿಂದೆ ಹಾಕಿತು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಬೆನ್ನಿಗೊಂದು ಕಬ್ಬಿಣದ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಮಸಿಯನ್ನೆಲ್ಲ ಅವನ ಮುಖಕ್ಕೆ ಬಿಟ್ಟು ಮುಂದಕ್ಕೆ ಹೋಯಿತು. ಕಿಟಕಿಯಿಂದ ಗುಮಾಸ್ತ ತಲೆ ಹೊರಗೆ ಹಾಕಿ, ಕೈ ಎತ್ತಿ, ಇವನಂತೆಯೇ ಬೆರಳು ಆಡಿಸಿ ಅಣಕಿಸಿದ. ದ್ರಾಬೆ ನನ್ಮಗನೇ ಎಂದು ಬೈದ ದೇವೀರಪ್ಪನ ಬಾಯೊಳಗೆ ಮಸಿ ಸೇರಿತು. ಉಗಿದು ತುಳಿದ.

ಜಾವಗಲ್ಲಿಗೆ ಮುಂಚಿನ ಏರಿನಲ್ಲಿ ಬಸ್ಸು ಉಸಿರುಗಟ್ಟಿ ನಿಂತಿತ್ತು. ಡ್ರೈವರು ಒಲೆ ಕೆದಕುತ್ತಿದ್ದ, ಜನ ಇಳಿದು ತಳ್ಳುತ್ತಿದ್ದರು. ಗುಮಾಸ್ತನೂ ಪಂಚೆ ಎತ್ತಿ ಕಟ್ಟಿ ತಳ್ಳುತ್ತಿದ್ದ. ದೇವೀರಪ್ಪ ಸೀಟು ಬಿಟ್ಟು ಎದ್ದು, ಹ್ಯಾಂಡಲು ಮುರಿಯುವಂತೆ ಹಿಡಿದು, ಅವನ ಮೊಣಕೈಗೆ ತಗುಲುವಷ್ಟು ಹತ್ತಿರದಲ್ಲಿ ಹತ್ತಿ ಹೋದ. ಏರಿನ ತುದಿಯಲ್ಲಿ ಕಣ್ಣು ಕತ್ತಲಿಟ್ಟಿತು. ಇಳಿಜಾರಿಗೆ ಸೈಕಲ್ ಬಿಟ್ಟ, ಮುಳ್ಳು ನೋಡಲಿಲ್ಲ. ಹಿಂದಿನ ಚಕ್ರ ಉಸ್ಸೆಂದು ಕುಳಿತುಬಿಟ್ಟಿತು.

ಟ್ಯೂಬಿಗೆ ತೇಪೆ ಹಾಕಲು ಅಂಟು ಇರಲಿಲ್ಲ. ಯುದ್ಧದ ಕಾಲದಲ್ಲಿ ರಬ್ಬರಿನ ಸಾಮಾನು ಎಲ್ಲಿ ಸಿಗಬೇಕು? ಪಕ್ಕದ ಬಣವೆಯಿಂದ ಹುಲ್ಲು ಕಿತ್ತು, ಹೊಸೆದು, ಟ್ಯೂಬು ಕಿತ್ತೆಸೆದು ಟೈರಿನೊಳಕ್ಕೆ ತುರುಕಿದ. ಉಗುರು ಕಿತ್ತು ರಕ್ತ ಬಂತು. ಅಷ್ಟರಲ್ಲಿ ಏರಿನ ಆಚೆ ಬಸ್ಸು ಮತ್ತೆ ಗೊರಗುಟ್ಟುವ ಸದ್ದು ಕೇಳಿಸಿತು. ಹುಲ್ಲು ತುಂಬಿದ ಚಕ್ರ ಎತ್ತಿನ ಗಾಡಿಯಂತೆ ಕುಲುಕುತ್ತಿತ್ತು. ಪ್ರತಿ ಸುತ್ತಿಗೂ ಬೆನ್ನೆಲುಬಿಗೆ ಯಾರೋ ಗುದ್ದಿದ ಹಾಗೆ ಆಗುತ್ತಿತ್ತು. ಆ ಗುದ್ದಿನಲ್ಲೇ ಮರಡಿಕೊಪ್ಪಲು ಮುಟ್ಟಿದ.

ಧರ್ಮಪ್ಪ ಅಲ್ಲಿಯೇ ಇದ್ದ. ತಂತಿಯ ಸುದ್ದಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ. ಎಂದಿನ ವ್ಯಾಪಾರಕ್ಕೆ ಬಂದು ರುದ್ರಮ್ಮನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಹಳೆಯ ಧಾರಣೆಗೆ ಅವಳ ಕೊಬ್ಬರಿ ತೂಗಿಸುತ್ತಿದ್ದ. ಎದುರು ಮನೆಯ ಜಗುಲಿಯ ಮೇಲೆ ಶಿವಗಂಗಮ್ಮ ಹುಣಿಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ದೇವೀರಪ್ಪ ಸೈಕಲ್ ನಿಲ್ಲಿಸದೆ, ರಕ್ತ ಮೆತ್ತಿದ ಕೈ ಎತ್ತಿ, ಹಸ್ತ ಬಿಚ್ಚಿ, ಮೂರು ಬೆರಳು ತೋರಿಸಿದ.

ರುದ್ರಮ್ಮ ಒಮ್ಮೆ ಅವನ ಕೈ ನೋಡಿದಳು, ಒಮ್ಮೆ ಧರ್ಮಪ್ಪನ ಮುಖ ನೋಡಿದಳು. ಆಮೇಲೆ ತಕ್ಕಡಿಯ ತಟ್ಟೆಯಿಂದ ಗಿಟಕುಗಳನ್ನು ಬಾಚಿ ಮಡಿಲಿಗೆ ತುಂಬಿಕೊಳ್ಳತೊಡಗಿದಳು. ಧರ್ಮಪ್ಪ ತಕ್ಕಡಿ ಬಿಚ್ಚಿ ಗಾಡಿಗೆ ಹಾಕಿದ. ಗಾಡಿಯವನಿಗೆ ಎತ್ತು ಹೂಡುವಂತೆ ಸನ್ನೆ ಮಾಡಿದ. ದೇವೀರಪ್ಪ ಅಕ್ಕನ ಬಾಗಿಲಲ್ಲಿ ಕಾಲೂರಲಿಲ್ಲ. ಬೇಡವೆಂದ ಬಾಗಿಲು ಅದು. ಕಣ್ಣ ಅಂಚಿನಲ್ಲಿ ಅವಳು ಎದ್ದು ನಿಂತದ್ದು ಮಾತ್ರ ಕಂಡಿತು.

ಹಳೇಬೀಡಿನ ತನಕ ರಸ್ತೆಯ ಬದಿಯ ಊರುಗಳಿಗೆಲ್ಲ ಕೈ ತೋರಿಸಿಕೊಂಡು ಹೋದ. ಜಾವಗಲ್ಲಿನಲ್ಲಿ ತಡವಾಗಿ ಹೊರಟ ಬಸ್ಸು ಮತ್ತೆ ಅವನನ್ನು ದಾಟಿತು, ಆದರೆ ಗುಮಾಸ್ತ ಹಳೇಬೀಡಿನಲ್ಲಿ ಹುಡುಕಿದ ಧರ್ಮಪ್ಪ ಮನೆಯಲ್ಲಿರಲಿಲ್ಲ. ದೇವೀರಪ್ಪ ಸೈಕಲ್ಲನ್ನು ಅವನ ಬಾಗಿಲ ಕಂಬಕ್ಕೆ ಒರಗಿಸಿ, ಪಂಪನ್ನೂ ಗಂಟೆಯನ್ನೂ ಕಿತ್ತುಕೊಳ್ಳದೆ ಹಾಗೆಯೇ ಬಿಟ್ಟು, ಬಂದ ದಾರಿಯಲ್ಲೇ ನಡೆದ. ಇಷ್ಟು ವರ್ಷ ಆ ರಸ್ತೆಯಲ್ಲಿ ಅವನ ಪಾದ ನೆಲಕ್ಕೆ ತಗುಲಿದ್ದೇ ಕಡಿಮೆ. ಕೆರೆಯ ಏರಿ ಇಷ್ಟು ಉದ್ದವೆಂದು ಅವನಿಗೆ ಗೊತ್ತಿರಲಿಲ್ಲ. ಷಡಕ್ಷರಪ್ಪನ ಆ ಮೆತ್ತನೆಯ ದನಿ ಕಿವಿಯಲ್ಲಿ ಇನ್ನೂ ಇತ್ತು. ನಡೆದಷ್ಟೂ ಸಿಟ್ಟು ಹೆಚ್ಚಾಯಿತು.

ಹೊತ್ತು ಇಳಿಯುವಾಗ ಮರಡಿಕೊಪ್ಪಲಿನ ಹೊರಗೆ, ರಸ್ತೆಯ ನಡುವೆ, ಶಿವಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಹಿಂದೆ ಅವಳದೇ ಗಾಡಿ, ಹೂಡಿದ ಎತ್ತುಗಳು.

"ಬಾ. ದೊಡ್ಡ್ ಕೆಲ್ಸ ಮಾಡ್ದೆ ಅಂತ ಕೈ ಬೀಸ್ಕಂಡ್ ಬತ್ತಿದ್ದೀಯ," ಎಂದಳು. "ರಸ್ತೆ ಮ್ಯಾಲ್ನೋರ್ಗೆಲ್ಲ ಬೆರಳು ತೋರ್ಸ್ದೆ. ಧರ್ಮಪ್ಪ ಗಾಡಿ ತಿರುಗಿಸ್ಕಂಡು ಒಳಗಿನ್ ಹಳ್ಳಿಗ್ ಹೋದ. ಅಲ್ಲಿರೋರು ಮನುಷ್ಯರಲ್ವಾ? ಅವ್ರಿಗ್ ಯಾರು ಹೇಳ್ಬೇಕು, ನಮ್ಮಪ್ಪ ಎದ್ ಬಂದ್ ಹೇಳ್ತಾನಾ?"

"ಗಾಡಿ ಜಾಡಲ್ಲಿ ಸೈಕಲ್ ಹೋಗಲ್ಲ ಕಣಕ್ಕ. ಹಿಂದ್ಲ ಚಕ್ರಕ್ಕೆ ಹುಲ್ಲು ತುಂಬ್ಕಂಡ್ ಬಂದಿದ್ದೀನಿ. ಬೆನ್ ಮುರ್ದೋಗೈತೆ."

"ನನ್ನ್ ಅಟ್ಟ ಖಾಲಿ ಮಾಡ್ಸೋವಾಗ ಬೆನ್ ಚೆನ್ನಾಗಿತ್ತು."

"ಎಷ್ಟ್ ಸಲ ಅದನ್ನೇ ಅಂತೀಯ?"

"ಬಾವಿ ಮಣ್ಣು ಕುಸ್ದಾಗಲೆಲ್ಲ ಅಂತೀನಿ. ಸಾಯೋಗಂಟ ಅಂತೀನಿ. ಗಾಡಿ ಹತ್ತು."

ದೇವೀರಪ್ಪ ಹತ್ತಲಿಲ್ಲ. ಆಗಲೇ ಕೂಗಿ ಹೇಳಿದ್ದರೆ ಸೈಕಲ್ ಬಿಟ್ಟು ನಡೆದಾದರೂ ಆ ಹಳ್ಳಿಗಳಿಗೇ ಹೋಗುತ್ತಿದ್ದೆ, ಮಾತು ಬಿಟ್ಟವಳು ನೀನು, ಬಾಗಿಲು ಮುಚ್ಚಿದವಳು ನೀನು ಎಂದು ರಸ್ತೆಯಲ್ಲೇ ನಿಂತು ಹರಿಹಾಯ್ದ. ಅವಳು ಅದಕ್ಕೆ ಎರಡರಷ್ಟು ತಿರುಗಿ ಹೇಳಿದಳು. ಅವ್ವ ಸತ್ತ ವರ್ಷದ ಮಾತುಗಳೂ ಅದರಲ್ಲಿ ಬಂದವು, ಅಪ್ಪನ ಮೇಲೆ ಮುನಿಸಿಕೊಂಡು ಓಡಿಹೋದ ಮಾತೂ ಬಂತು. ಎತ್ತುಗಳು ಕಿವಿ ಅಲ್ಲಾಡಿಸುತ್ತ ನಿಂತಿದ್ದವು. ಹೊತ್ತು ಹೋಗುತ್ತಿದೆಯೆಂದು ಕೊನೆಗೆ ಅವಳೇ ಗಾಡಿ ಹತ್ತಿ ಹಗ್ಗ ಹಿಡಿದಳು. ಅವನು ಬೈಯುತ್ತಲೇ ಹಿಂದಿನಿಂದ ಹತ್ತಿ ಕುಳಿತ. ಗಾಡಿ ರಸ್ತೆ ಬಿಟ್ಟು ರಾಗಿ ಹೊಲದ ನಡುವಿನ ಜಾಡಿಗೆ ಇಳಿಯಿತು. ಮೊದಲ ಹಳ್ಳಿಯ ನಾಯಿಗಳು ಬೊಗಳುವ ತನಕ ಇಬ್ಬರ ಜಗಳವೂ ನಿಲ್ಲಲಿಲ್ಲ.